ಕುರ್ಚಿ ಕಟ್ಟುವವನ ಕುರು

ಹೊರರೋಗಿಗಳ ಹಾಲಿನಲ್ಲಿ ಕುರ್ಚಿಗಳು ಖಾಲಿ ಇದ್ದರೂ ಅವನು ಗೋಡೆಗೆ ಭುಜ ಕೊಟ್ಟು ನಿಂತೇ ಇದ್ದ. ಇನ್ನು ಕೂರಬಹುದು ಎಂದು ಡಾಕ್ಟರಮ್ಮ ಹೋದ ಸಲವೇ ಹೇಳಿದ್ದರು. ಕೂತರೆ ನೋವಾಗುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆದರೆ ನಿಂತವನು ಹೊರಟು ಹೋದರೆ ಹಿಂದೆ ಏನೂ ಉಳಿಯುವುದಿಲ್ಲ. ಕೂತವನು ಎದ್ದಾಗ ಜನ ಕುರ್ಚಿಯ ಕಡೆ ನೋಡುತ್ತಾರೆ, ಅಥವಾ ನೋಡುತ್ತಾರೆ ಎಂದು ಅವನಿಗೆ ಅನ್ನಿಸುತ್ತಿತ್ತು. ಜೀವಮಾನವಿಡೀ ಕಂಡವರ ಕುರ್ಚಿ, ಸೋಫಾಗಳಿಗೆ ಪಟ್ಟಿ ಬಿಗಿದು, ನಾರು ತುಂಬಿ, ಬಟ್ಟೆ ಹೊದಿಸಿ ಮೊಳೆ ಹೊಡೆದವನು ಈಗ ಎದುರಿನ ರೆಕ್ಸಿನ್ ಸಾಲನ್ನು ನೋಡುತ್ತ, ಮೂರನೆಯದರ ಪಟ್ಟಿ ಜೋತಿದೆ, ಯಾರೋ ಅವಸರಗೇಡಿ ಪಿನ್ನು ಹೊಡೆದು ಕೈತೊಳೆದುಕೊಂಡಿದ್ದಾನೆ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದ. ಬೈಯಲು ಏನಾದರೂ ಸಿಕ್ಕಿದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಮನಸ್ಸು ಮತ್ತೆ ಒಂದೇ ಕಡೆ ಹೋಗುತ್ತಿತ್ತು. ಗಾಯ ಮಾಗಿದೆ, ಸರಿ; ಆದರೆ ಹಿಡಿದುಕೊಳ್ಳುವ ಶಕ್ತಿ ಉಳಿದಿದೆಯೋ ಇಲ್ಲವೋ, ಅದನ್ನು ಇವತ್ತು ಡಾಕ್ಟರಮ್ಮ ನೋಡಿ ಹೇಳಬೇಕು. ಮನುಷ್ಯ ಎರಡು ಮೂರು ವರ್ಷದವನಿದ್ದಾಗ ಕಲಿತು, ಕಲಿತೆ ಎನ್ನುವುದನ್ನೇ ಮರೆತುಬಿಡುವ ವಿದ್ಯೆ ಅದು. ಮೊನ್ನೆ ಅಂಗಡಿಯಲ್ಲಿ ನಾರಿನ ಧೂಳಿಗೆ ಒಂದು ಸೀನು ಬಂದಿತ್ತು. ಸೀನಿದ ಮೇಲೆ ಒಳಗೆ ಒದ್ದೆ ಅನ್ನಿಸಿತು. ಆ ಒದ್ದೆ ಗಾಯದ್ದೋ ತನ್ನದೋ ಅವನಿಗೆ ತಿಳಿಯಲಿಲ್ಲ. ಮನೆಗೆ ಹೋಗಿ ಹೆಂಡತಿ ನೋಡುವ ಮೊದಲೇ ಬಟ್ಟೆಯನ್ನು ತಾನೇ ಒಗೆದು ಹಾಕಿದ್ದ. ಜನ್ಮದಲ್ಲಿ ಒಂದು ಕರವಸ್ತ್ರ ಹಿಂಡದ ಗಂಡ ಚಡ್ಡಿ ಒಗೆದದ್ದನ್ನು ಕಂಡು ಅವಳು ಏನೂ ಕೇಳದೆ ಒಳಗೆ ಹೋಗಿದ್ದಳು.

ಪಕ್ಕದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಿಲಕಿ ಕೂತಿದ್ದ. ಗಿಲಕಿ ಇವನ ಹೆಂಡತಿಯ ತಮ್ಮ, ಅಂಗಡಿಯಲ್ಲಿ ಪಾಲುದಾರ. ಆ ಹೆಸರು ಇಟ್ಟವರು ಯಾರೋ, ಇಟ್ಟದ್ದಂತೂ ಸರಿಯಾಗಿತ್ತು. ಬಾಯಿ ಒಂದು ಗಳಿಗೆ ಸುಮ್ಮನಿದ್ದರೆ ಅವನಿಗೆ ಜ್ವರ ಬಂದಿದೆ ಎಂದೇ ಬೀದಿಯವರು ತಿಳಿಯುತ್ತಿದ್ದರು. ಗಿರಾಕಿ ಬಂದರೆ ಒಂದು ಮಾತು, ಹೋದರೆ ಒಂದು ಮಾತು, ಬರದಿದ್ದರೆ ಅದಕ್ಕೂ ಒಂದು ಮಾತು. ಬಾಯಲ್ಲಿ ಮೊಳೆ ಇದ್ದಾಗ ಮಾತು ಕೂಡದು, ನಗು ಕೂಡದು ಎಂದು ಇವನು ಎಷ್ಟು ವರ್ಷದಿಂದ ಅವನ ಕಿವಿ ಹಿಂಡಿದ್ದ. ಕುಶನ್ ಕೆಲಸದವರ ಪದ್ಧತಿಯೇ ಹಾಗೆ. ಒಂದು ಹಿಡಿ ಚಿಕ್ಕ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳಬೇಕು. ಎಡಗೈ ಬಟ್ಟೆಯನ್ನು ಎಳೆದು ಹಿಡಿದಿರುತ್ತದೆ, ಬಲಗೈಯಲ್ಲಿ ಸುತ್ತಿಗೆ. ಮೊಳೆ ಎತ್ತಿಕೊಡಲು ಮೂರನೆಯ ಕೈ ದೇವರು ಕೊಟ್ಟಿಲ್ಲ. ನಾಲಿಗೆಯೇ ಒಂದು ಮೊಳೆಯನ್ನು ತಿರುಗಿಸಿ, ತಲೆ ಹೊರಗೆ ಮಾಡಿ ತುಟಿಗೆ ತರುತ್ತದೆ. ಸುತ್ತಿಗೆಯ ಮೂತಿ ಆಯಸ್ಕಾಂತದ್ದು. ತುಟಿಯ ಹತ್ತಿರ ಒಯ್ದರೆ ಸಾಕು, ಮೊಳೆ ತಾನಾಗಿ ಜಿಗಿದು ಅದಕ್ಕೆ ಅಂಟುತ್ತದೆ. ಪಿನ್ನು ಹೊಡೆಯುವ ಗನ್ನು ಬಂದು ಎಷ್ಟೋ ಕಾಲವಾಯಿತು, ತೆಗೆದುಕೊಳ್ಳೋಣ ಭಾವ ಎಂದು ಗಿಲಕಿ ಹೇಳಿ ಹೇಳಿ ಸೋತಿದ್ದ. ಈ ನೋವೆಲ್ಲ ಶುರುವಾಗುವ ಮೊದಲು ಒಂದು ದಿನ ಯಾರೋ ಯಜಮಾನರು ಹಳೆಯ ಕುರ್ಚಿಯೊಂದನ್ನು ತಂದು, ಇದು ನಮ್ಮ ತಾತನ ಕಾಲದ್ದು, ಇದರಲ್ಲಿ ಮೂರು ತಲೆಮಾರು ಕೂತಿದೆ ಎಂದು ಬಹಳ ಗಂಭೀರವಾಗಿ ಹೇಳಿ ಹೋದರು. ಗಿಲಕಿ ನೆಲ ಮುಟ್ಟುವಂತೆ ಜೋತಿದ್ದ ಅದರ ಸೀಟನ್ನು ಬಗ್ಗಿ ನೋಡಿ, "ಮೂರು ತಲೆಮಾರೂ ಒಟ್ಟಿಗೇ ಕೂತಿರ್ಬೇಕು ಭಾವ" ಎಂದ. ಇವನಿಗೆ ತಡೆಯಲಾಗಲಿಲ್ಲ. ಬಾಯಲ್ಲಿದ್ದ ಮೊಳೆಗಳಲ್ಲಿ ಒಂದು ನಾಲಿಗೆಯ ಹಿಂದಕ್ಕೆ ಜಾರಿ ಗಂಟಲು ಇಳಿದೇಬಿಟ್ಟಿತು. ಉಳಿದವನ್ನು ಅಂಗೈಗೆ ಉಗುಳಿ ಕೆಮ್ಮಿದ. "ಏನಾಯ್ತು?" ಎಂದರೆ, "ಧೂಳು" ಎಂದ. ಬಾಯಿ ಬಿಟ್ಟರೆ ಬಣ್ಣಗೇಡು. ಈ ಕೆಲಸದಲ್ಲಿ ಒಂದೆರಡು ಮೊಳೆ ನುಂಗದವರು ಯಾರೂ ಇಲ್ಲ, ಹೋದ ದಾರಿಯಲ್ಲಿ ಹೋಗುತ್ತದೆ ಎಂದು ಅವನ ಗುರುವೂ ಹೇಳುತ್ತಿದ್ದ, ಗುರುವಿನ ಗುರುವೂ ಹೇಳುತ್ತಿದ್ದನಂತೆ. ಸಂಜೆಯ ಹೊತ್ತಿಗೆ ಅವನಿಗೆ ಅದು ಮರೆತೂ ಹೋಗಿತ್ತು.

ನೋವು ಶುರುವಾದಾಗ ಅದಕ್ಕೂ ಇದಕ್ಕೂ ಸಂಬಂಧವಿರಬಹುದು ಎಂದು ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆದದ್ದನ್ನು ಬೆಳೆಯಲು ಬಿಡಲಿಲ್ಲ, ಅಷ್ಟೆ. ಆಳದಲ್ಲಿ, ಬೆನ್ನುಮೂಳೆ ಮುಗಿಯುವ ಕಡೆ, ಯಾರೋ ಹೆಬ್ಬೆರಳು ಒತ್ತಿ ಹಿಡಿದಿದ್ದಾರೆ ಎನ್ನುವಂಥ ನೋವು. ಹೊರಗೆ ನೋಡಿದರೆ ಊತವಿಲ್ಲ, ಕೆಂಪಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಇದು ಕನ್ನಡಿ ಹಿಡಿದರೂ ಕಾಣದ ಜಾಗದ ಹುಣ್ಣು. ಬಚ್ಚಲಿನ ಬಾಗಿಲು ಹಾಕಿಕೊಂಡು ಹೆಂಡತಿಯ ಕೈಗನ್ನಡಿಯನ್ನು ಕಾಲಸಂದಿಯಲ್ಲಿ ಹಿಡಿದು ಬಗ್ಗಿ ನೋಡಿದ ತನ್ನ ಭಂಗಿ ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಬೆನ್ನು ನೋವು ಎಂದು ಮನೆಯಲ್ಲಿ ಹೇಳಿದ. ಬೆನ್ನಿಗೆ ಹೆಂಡತಿ ಎಣ್ಣೆ ತಿಕ್ಕಿದಳು, ಅವನು ಹಾಯೆನಿಸಿತು ಎಂದು ಸುಳ್ಳು ಹೇಳಿದ. ಚಳಿ ಜ್ವರ ಬಂದ ಮೇಲೆ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋದರೆ ಅಲ್ಲಿನವರು ಪ್ಯಾಂಟು ಇಳಿಸುವ ಮೊದಲೇ ಮೂಲವ್ಯಾಧಿ ಎಂದು ಮುಲಾಮು ಬರೆದರು. ಮುಲಾಮು ಮುಗಿಯುವ ಹೊತ್ತಿಗೆ ಬಲಗಡೆ ಒಂದು ಗಂಟು ಎದ್ದಿತು. ಅದನ್ನು ಕೊಯ್ದು ಕೀವು ತೆಗೆದರು, ಜ್ವರ ಬಿಟ್ಟಿತು; ಗಿಲಕಿಗೆ ಹೇಳಿ ಒಂದು ದಿನ ಅಂಗಡಿಗೆ ರಜೆಯನ್ನೂ ಕೊಟ್ಟ. ಆ ಖುಷಿ ಆರುವ ಮೊದಲೇ ಎಡಗಡೆ ಎದ್ದಿತು. ಎಡಗಡೆ ಕೊಯ್ದರೆ ಮತ್ತೆ ಬಲಗಡೆ. ಅಂಗಡಿಯಲ್ಲಿ ಅವನು ಮಂಡಿಯೂರಿ ಕೆಲಸ ಮಾಡತೊಡಗಿದ. ಕುರ್ಚಿ ಕಟ್ಟುವವನಿಗೆ ಕೂರಲಾಗದು ಎನ್ನುವುದು ಗಿಲಕಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಬಿದ್ದಿತ್ತು. ಒಂದು ವಾರ ಅದರ ಮೇಲೆ ಮಾತಾಡಿದ, ಆಮೇಲೆ ಒಂದು ದಿನ ಇವನ ಮುಖ ನೋಡಿ ನಿಲ್ಲಿಸಿದ.

ಅವನ ಹೆದರಿಕೆ ನೋವಿನದಲ್ಲ, ಸಾವಿನದೂ ಅಲ್ಲ. ಅಪ್ಪನ ಕೊನೆಯ ವರ್ಷಗಳು ಕಣ್ಣಮುಂದಿದ್ದವು. ಲಕ್ವ ಹೊಡೆದ ಮೇಲೆ ಅಪ್ಪನಿಗೆ ಮಾತು ಉಳಿಯಿತು, ಬುದ್ಧಿ ಉಳಿಯಿತು, ಹಿಡಿತ ಮಾತ್ರ ಉಳಿಯಲಿಲ್ಲ. ಅಪ್ಪ ದಿನವೆಲ್ಲ ಕೂರುತ್ತಿದ್ದ ಬಟ್ಟೆಯ ಕುರ್ಚಿಯನ್ನು ಒಂದು ಭಾನುವಾರ ಅಂಗಡಿಗೆ ಒಯ್ದು, ಬಟ್ಟೆ ಕಿತ್ತು, ರೆಕ್ಸಿನ್ ಹೊದಿಸಿ, ಹೊಲಿಗೆಯಲ್ಲಿ ಒಂದು ಹನಿಯೂ ಇಳಿಯದಂತೆ ಅಂಚಿಗೆಲ್ಲ ಅಂಟು ಬಳಿದು, ಒರೆಸಲು ಸುಲಭವಾಗುವಂತೆ ಮಾಡಿ ತಂದಿದ್ದ. ಕೈಕೆಲಸದಲ್ಲಿ ಅದಕ್ಕಿಂತ ಅಚ್ಚುಕಟ್ಟಾದದ್ದನ್ನು ಅವನು ಮಾಡಿದ್ದೇ ಇಲ್ಲ. ಅಪ್ಪ ಅದರ ತೋಳನ್ನು ಕೈಯಿಂದ ಸವರಿ ನೋಡಿದ. ರೆಕ್ಸಿನ್ ತಣ್ಣಗಿತ್ತು. "ಒಳ್ಳೆ ಕೆಲಸ ಕಲ್ತಿದೀಯಪ್ಪ" ಎಂದ. ಅಪ್ಪನಿಗೆ ಎಲ್ಲ ಅರ್ಥವಾಗಿತ್ತು, ಅರ್ಥವಾಗಿಯೂ ಉಪಕಾರ ಎಂದೇ ತೆಗೆದುಕೊಂಡಿದ್ದ. ಆಮೇಲೆ ಅಪ್ಪ ಆ ಕುರ್ಚಿಯಿಂದ ಏಳುವಾಗಲೆಲ್ಲ ಮನೆಯವರೆಲ್ಲ, ತಾನೂ, ಒಂದು ಸಲ ಸೀಟಿನ ಕಡೆ ನೋಡುತ್ತಿದ್ದುದು ಅವನಿಗೆ ನೆನಪಿದೆ. ನನಗೆ ಆ ಕುರ್ಚಿ ಬೇಡ ದೇವರೇ, ಬೇರೆ ಏನಾದರೂ ಕೊಡು ಎಂದು ಅವನು ಬೇಡಿಕೊಂಡದ್ದು ಇದಕ್ಕೇ.

"ಇನ್ನೂ ಇಬ್ಬರು ಆದ ಮೇಲೆ ನೀವು" ಎಂದು ನರ್ಸು ಹೇಳಿ ಹೋದಳು. ಗಿಲಕಿ ಚೀಲದಿಂದ ನೀರಿನ ಬಾಟಲಿ ತೆಗೆದು ಅವನತ್ತ ಚಾಚಿದ. ಅವನು ಬೇಡ ಎಂದು ತಲೆಯಾಡಿಸಿದ. ಈ ಹಾಲಿನಲ್ಲೇ ಮೊದಲ ಸಲ ಬಂದಾಗ ಜ್ವರದಲ್ಲಿ ಗೋಡೆ ಹಿಡಿದು ನಿಂತಿದ್ದ. ಡಾಕ್ಟರಮ್ಮ ಸಣ್ಣ ಆಳು, ತಲೆಗೂದಲು ಅರ್ಧ ಬೆಳ್ಳಗೆ, ಮಾತು ಮೆತ್ತಗೆ. ಅವನ ಕಥೆಯನ್ನು ಪೂರ್ತಿ ಕೇಳಿದ ಮೊದಲ ಮನುಷ್ಯರು ಅವರೇ. ಪರೀಕ್ಷೆ ಮಾಡುವಾಗ ಒಂದೇ ಒಂದು ಕಡೆ, ಹಿಂಬದಿಯ ನಡುವೆ, ಬೆರಳಿನಿಂದ ಮೆಲ್ಲಗೆ ಒತ್ತಿದರು. ಅವನು ಮಂಚದ ಕಬ್ಬಿಣ ಕಚ್ಚುವುದೊಂದು ಬಾಕಿ. "ಇಲ್ಲಿದೆ ನೋಡಿ," ಎಂದರು, "ನಿಮಗೆ ಎರಡು ಕುರು ಆಗಿಲ್ಲ. ಹಿಂದೆ ಆಳದಲ್ಲಿ ಒಂದೇ ಒಂದು ಕೂತಿದೆ. ಅದು ಕುದುರೆ ಲಾಳದ ಥರ ಎರಡೂ ಕಡೆಗೆ ಹರಿದಿದೆ. ಅವರು ಕೊಯ್ದಿದ್ದು ಲಾಳದ ತುದಿ. ಮಧ್ಯದ್ದು ಹಾಗೇ ಇದೆ, ಅದಕ್ಕೇ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಏಳ್ತಿದೆ. ನಿಮಗೆ ನೋವು ನಿಜವಾಗ್ಲೂ ತುಂಬಾ ಇದ್ದಿರ್ಬೇಕು." ನೋವಿದೆ ಎಂದು ನಂಬಿದರಲ್ಲ, ಅಷ್ಟಕ್ಕೇ ಕಾಲು ಹಿಡಿಯೋಣ ಅನ್ನಿಸಿತು. ಆಮೇಲೆ ಅವರು, ಇಂಥದ್ದು ಸುಮ್ಮಸುಮ್ಮನೆ ಹೀಗೆ ಮರುಕಳಿಸುವುದು ಅಪರೂಪ, ಮೀನಿನ ಮುಳ್ಳು ಮೂಳೆ ಚೂರು ಏನಾದರೂ ನುಂಗಿದ್ದು ನೆನಪಿದೆಯಾ ಎಂದು ಕೇಳಿದರು. ಹೆಂಡತಿ ಪಕ್ಕದಲ್ಲಿದ್ದಳು, ಬಾಗಿಲ ಹತ್ತಿರ ಗಿಲಕಿ. "ಇಲ್ಲ" ಎಂದ. ಕೇಳಿದ್ದಕ್ಕೆ ಅದು ಸತ್ಯವಾದ ಉತ್ತರವೇ. ಮೊಳೆಯ ಮಾತನ್ನು ಅವರು ಎತ್ತಲೇ ಇಲ್ಲ, ಯಾವ ಡಾಕ್ಟರೂ ಎತ್ತುವುದಿಲ್ಲ. ಎತ್ತದ್ದನ್ನು ತಾನೇ ಎತ್ತಿ ಗಿಲಕಿಯ ಎದುರು, ಹೌದಪ್ಪ ನಿನ್ನ ಮಾತಿಗೆ ನಕ್ಕು ನುಂಗಿದೆ ಎನ್ನಲು ನಾಲಿಗೆ ಏಳಲಿಲ್ಲ. ಬಾಯಲ್ಲಿ ಬಿಸಿತುಪ್ಪ ಎನ್ನುತ್ತಾರಲ್ಲ, ಅದೂ ವಾಸಿ, ಒಂದು ಹೊತ್ತಿಗೆ ಆರುತ್ತದೆ. "ಬಿಗಿಯಾಗಿ ಹಿಡಿಯೋ ಸ್ನಾಯು ಇಲ್ಲೇ ಸುತ್ತ ಇರೋದು. ಕಣ್ಣುಮುಚ್ಕೊಂಡು ಕೊಯ್ದರೆ ನಾಳೆ ನಿಮಗೇ ಕಷ್ಟ. ಮೊದಲು ಎಂಆರ್‌ಐ ಮಾಡಿಸಿ ದಾರಿ ಎಲ್ಲಿದೆ ನೋಡ್ಕೊಳ್ತೀನಿ" ಎಂದು ಡಾಕ್ಟರಮ್ಮ ಚೀಟಿ ಬರೆದರು.

ಸ್ಕ್ಯಾನಿನವನಿಗೆ ಆ ದಿನ ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಕೇಳುತ್ತ ಹೋದ. "ಮೈಯೊಳಗೆ ಲೋಹ ಏನಾದ್ರೂ ಇದೆಯಾ? ಮೂಳೆಗೆ ರಾಡು, ಹಾರ್ಟಿಗೆ ಮೆಷಿನ್ನು, ಕಿವಿಯೊಳಗೆ, ಕಣ್ಣೊಳಗೆ?"

"ಇಲ್ಲ."

"ಹಲ್ಲು?"

"ನಂದೇ."

"ಉಂಗುರ, ಬೆಲ್ಟು, ಗಡಿಯಾರ ಎಲ್ಲ ಬಿಚ್ಚಿಟ್ರಾ? ಇದು ಆಯಸ್ಕಾಂತ ಯಜಮಾನ್ರೇ. ಬೀರು ಬಾಗಿಲಿಗೆ ಇರುತ್ತಲ್ಲ, ಅಂಥದ್ದಲ್ಲ. ಒಂದ್ಸಲ ಕ್ಲೀನ್ ಮಾಡೋರು ಗೊತ್ತಿಲ್ದೆ ಬಕೆಟ್ ಹಿಡ್ಕೊಂಡು ಒಳಗೆ ಹೋದ್ರು. ಬಕೆಟ್ ಕೈಲಿ ಉಳೀಲಿಲ್ಲ."

"ಆಫ್ ಮಾಡಿದ ಮೇಲೆ?"

"ಆಫೇ ಆಗಲ್ಲ ಇದು. ನಾವು ಮನೆಗೆ ಹೋದ್ರೂ ಎಳೀತಾನೇ ಇರುತ್ತೆ."

ದಪ್ಪ ಬಾಗಿಲು ತೆರೆದುಕೊಂಡಿತ್ತು. ಒಳಗೆ ತಣ್ಣನೆಯ ಬಿಳಿ ಕೋಣೆ, ನಡುವೆ ಆ ದೊಡ್ಡ ಬಳೆ. ಹಿಂದೆ ಕಟ್ಟುವ ಆಸ್ಪತ್ರೆಯ ಅಂಗಿಯನ್ನು ಕೈಯಿಂದ ಒಟ್ಟು ಹಿಡಿದುಕೊಂಡು ಅವನು ಹೊಸ್ತಿಲವರೆಗೆ ಹೋದ. ಹೋದವನಿಗೆ ತುಟಿ ಜುಮ್ಮೆಂದಿತು. ಸುತ್ತಿಗೆ ಮುಖದ ಹತ್ತಿರ ಬರುವಾಗ, ಇನ್ನೂ ಮುಟ್ಟದಿರುವಾಗಲೇ, ತುಟಿಯ ನಡುವೆ ಮೊಳೆ ತಲೆಯೆತ್ತಿ ಅಲುಗುತ್ತದೆ. ಒಂದು ಎಳೆತ, ಆಮೇಲೆ ಟಕ್ಕನೆ ಜಿಗಿತ. ದಿನಕ್ಕೆ ಎಷ್ಟು ನೂರು ಸಲವೋ, ಎಷ್ಟು ವರ್ಷಗಳಿಂದಲೋ ಆ ಎಳೆತ ಅವನ ತುಟಿಗೆ ಗೊತ್ತು. ಈಗ ಅದು ತುಟಿಯಲ್ಲಿಲ್ಲ. ಮಾಂಸದೊಳಗೆ, ಆ ಸ್ನಾಯುವಿನ ಸುತ್ತ ಎಲ್ಲೋ, ಮೊನೆ ನೆಟ್ಟು ಕೂತಿದೆ. ಅದು ಅಲ್ಲಿದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ, ಆದರೆ ಆ ಹೊಸ್ತಿಲಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ. ಇನ್ನೆರಡು ಹೆಜ್ಜೆ ಇಟ್ಟರೆ ತಲೆಯೆತ್ತುತ್ತದೆ. ಯಾವ ಕಡೆ ಜಿಗಿಯುತ್ತದೋ, ಏನೇನನ್ನು ಸೀಳಿಕೊಂಡು ಹೋಗುತ್ತದೋ. ಇಷ್ಟು ತಿಳಿದೂ ಒಂದು ಗಳಿಗೆ ಅವನು ಸುಮ್ಮನೇ ನಿಂತಿದ್ದ ಎನ್ನುವುದು ಅವನಿಗೆ ಈಗಲೂ ಆಶ್ಚರ್ಯ. ನಾಚಿಕೆ ಎನ್ನುವುದು ಅಷ್ಟು ಗಟ್ಟಿ.

"ಮೊಳೆ ನುಂಗಿದೀನಿ" ಎಂದ.

"ಏನು?"

"ಮೊಳೆ. ಕಬ್ಬಿಣದ್ದು. ಕುಶನ್ ಕೆಲಸ ನಂದು, ಬಾಯಲ್ಲಿ ಇಟ್ಕೋತೀವಿ."

"ಯಾವಾಗ? ಹೊರಗೆ ಹೋಯ್ತಾ, ನೋಡಿದ್ರಾ?"

"ಅದನ್ನ ಯಾರು ನೋಡ್ತಾರೆ?"

ಸ್ಕ್ಯಾನಿನವನು ಬೈಯುತ್ತಾನೆ, ನಗುತ್ತಾನೆ, ಹೊರಗೆ ಕೂಗಿ ಎಲ್ಲರನ್ನೂ ಕರೆಯುತ್ತಾನೆ ಎಂದು ಅವನು ಕಾದ. ಅಂಥದ್ದೇನೂ ಆಗಲಿಲ್ಲ. ಮೊಣಕೈ ಹಿಡಿದು ಅವನನ್ನು ಹಿಂದಕ್ಕೆ ನಡೆಸಿಕೊಂಡು ಬಂದು, ಬಾಗಿಲನ್ನು ತಾನೇ ಎಳೆದು ಹಾಕಿ, ಒಂದು ಸಲ ಉಸಿರು ಬಿಟ್ಟ. "ಒಳ್ಳೆ ಕೆಲ್ಸ ಮಾಡಿದ್ರಿ. ಡಾಕ್ಟ್ರಿಗೆ ಫೋನ್ ಮಾಡ್ತೀನಿ. ಕೂತ್ಕೊಳ್ಳಿ."

"ಕೂರಕ್ಕಾಗಲ್ಲ."

"ಸರಿ, ನಿಂತ್ಕೊಳ್ಳಿ. ನಾನೂ ನಿಂತ್ಕೋತೀನಿ." ಫೋನು ಬರುವವರೆಗೆ ಆ ನೆಗಡಿಯ ಮನುಷ್ಯ ತನ್ನ ಕುರ್ಚಿಯನ್ನು ಬಿಟ್ಟು ಅವನ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತೇ ಇದ್ದ. ಅವನ ಮುಖ ಈಗ ಸರಿಯಾಗಿ ನೆನಪಿಲ್ಲ, ಕೆಂಪಗಿದ್ದ ಮೂಗು ಮಾತ್ರ ನೆನಪಿದೆ. ದಾರಿಯಲ್ಲಿ ಸಿಕ್ಕಿದರೆ ಗುರುತು ಹಿಡಿಯುತ್ತೇನೋ ಇಲ್ಲವೋ. ಹಿಡಿಯದೆ ಪಕ್ಕದಲ್ಲೇ ಹಾದುಹೋದರೆ ಎಂಥ ಕೃತಘ್ನತನವಾದೀತು ಎಂದು ಅವನಿಗೆ ಆಗಾಗ ಅನ್ನಿಸುತ್ತದೆ.

ಎಕ್ಸ್‌ರೇಯಲ್ಲಿ ಎಲ್ಲ ಬೂದು, ನಡುವೆ ಒಂದು ಸಣ್ಣ ಬಿಳಿ ಗೆರೆ, ಗೆರೆಯ ತುದಿಗೆ ಒಂದು ಪುಟ್ಟ ತಲೆ. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಈಗ ಬೈಗುಳ ಬರುತ್ತದೆ ಎಂದುಕೊಂಡ. "ಮುಳ್ಳು ಕೇಳಿದೆ, ಮೂಳೆ ಕೇಳಿದೆ," ಎಂದರು ಅವರು, "ನಿಮ್ಮ ಕೆಲಸ ಏನು ಅಂತಾನೇ ಕೇಳ್ಲಿಲ್ಲ ನೋಡಿ ನಾನು." ತಪ್ಪನ್ನು ತಾವೇ ಎತ್ತಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮೊಳೆ ಇಳಿಯುತ್ತ ಇಳಿಯುತ್ತ ಕರುಳಿನ ಕೊನೆಯ ಬಾಗಿಲ ಹತ್ತಿರ ಬಂದು, ಹೊರಗೆ ಹೋಗದೆ ಹಿಂದಿನ ಗೋಡೆಗೆ ಚುಚ್ಚಿಕೊಂಡಿದೆ. ಅದರ ಹಿಂದೆ ಕೀವು. ಸ್ನಾಯು ಕೊಯ್ದು ಒಂದೇ ಸಲಕ್ಕೆ ತೆರೆದರೆ ಬೇಗ ಮುಗಿಯುತ್ತದೆ, ಹಿಡಿತ ಹೋಗಬಹುದು. ಅವರು ಹಾಗೆ ಮಾಡುವುದಿಲ್ಲ. ಹಿಂದಿನಿಂದ ನಡುವೆ ತೆರೆದು, ಎಡಕ್ಕೂ ಬಲಕ್ಕೂ ಒಂದೊಂದು ಚಿಕ್ಕ ಕಿಂಡಿ ಮಾಡಿ, ಸ್ನಾಯುವಿನ ಸುತ್ತ ಒಂದು ಸಡಿಲ ದಾರ ಬಿಡುತ್ತಾರೆ. ಕೀವು ದಾರದ ಗುಂಟ ಸುರಿದು ಹೋಗಬೇಕು. "ನಿಧಾನ ಆಗುತ್ತೆ. ಆದ್ರೂ ಪೂರ್ತಿ ಉಳಿಯುತ್ತೆ ಅಂತ ಮಾತು ಕೊಡಕ್ಕಾಗಲ್ಲ. ಕೀವು ಈಗಾಗ್ಲೇ ಎಷ್ಟು ತಿಂದಿದೆಯೋ ಗೊತ್ತಿಲ್ಲ. ವಾಸಿ ಆದ್ಮೇಲೇ ಹೇಳೋಕಾಗೋದು." ಹೆಂಡತಿ ಸೆರಗನ್ನು ಬಾಯಿಗಿಟ್ಟುಕೊಂಡು ಕೇಳುತ್ತಿದ್ದಳು. ಗಿಲಕಿಗೆ ವಿಷಯ ಗೊತ್ತಾಗಿತ್ತು. ಮೊಳೆ ಯಾವ ದಿನದ್ದು ಎನ್ನುವುದೂ ಅವನಿಗೆ ಹೊಳೆದದ್ದು ಮುಖದಲ್ಲೇ ಕಾಣುತ್ತಿತ್ತು. ಅವನು ಅಕ್ಕನ ಕಡೆ ತಿರುಗಿ, "ಭಾವ ನನ್ನ ಎಷ್ಟೋ ತಪ್ಪು ಹೊಟ್ಟೆಗೆ ಹಾಕ್ಕೊಂಡಿದಾರೆ, ಇದೊಂದು ಮೊಳೆ ಯಾವ ಲೆಕ್ಕ" ಎಂದು ನಗಲು ಹೋಗಿ, ನಗು ಅರ್ಧಕ್ಕೇ ಒಡೆದು, ಎದ್ದು ವರಾಂಡಕ್ಕೆ ಹೋದ.

ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಬೋರಲು ಮಲಗಿಸಿ, ಕೆಳಗೆ ದಿಂಬು ಕೊಟ್ಟು, ಎರಡೂ ಕಡೆಯಿಂದ ಪಟ್ಟಿ ಅಂಟಿಸಿ ಎಳೆದು ಕಟ್ಟಿದ್ದು ಅವನಿಗೆ ಗೊತ್ತಾಗುತ್ತಿತ್ತು. ಗೊತ್ತಾಗಿದ್ದು ಮೈಗಲ್ಲ, ಮನಸ್ಸಿಗೆ. ಹೆಂಡತಿಗೂ ತೋರಿಸದ ಜಾಗಕ್ಕೆ ದೊಡ್ಡ ದೀಪ ಹಾಕಿದ್ದಾರೆ. ಐದಾರು ಮಂದಿ ಸುತ್ತ ನಿಂತಿದ್ದಾರೆ. ತಲೆಯ ಕಡೆ ಕೂತಿದ್ದ ಅರಿವಳಿಕೆಯ ಡಾಕ್ಟರು, "ಕುಶನ್ ಕೆಲಸ ಅಂತೆ ನಿಮ್ಮದು. ನಮ್ಮ ಟೇಬಲ್ ಹೇಗಿದೆ?" ಎಂದು ಕೇಳಿದರು. "ಹೊಲಿಗೆ ಚೆನ್ನಾಗಿದೆ, ಒಳಗೆ ಸ್ಪಂಜು ಸತ್ತಿದೆ" ಎಂದ. ಎಲ್ಲರೂ ನಕ್ಕರು. ಅವನನ್ನು ನೋಡಿ ನಕ್ಕದ್ದಲ್ಲ, ಅವನ ಮಾತಿಗೆ ನಕ್ಕದ್ದು. ಆ ಭಂಗಿಯಲ್ಲೂ ತಾನು ಮಾತು ಬಲ್ಲ ಮನುಷ್ಯನಾಗಿ ಉಳಿದಿದ್ದೇನೆ ಎನ್ನಿಸಿ ಅವನಿಗೆ ಧೈರ್ಯ ಬಂತು. ಸ್ವಲ್ಪ ಹೊತ್ತಿಗೆ ವಾಸನೆ ಎದ್ದಿತು. ಹಳೆಯ ಸೋಫಾ ಬಿಚ್ಚುವಾಗ ಸತ್ತ ಇಲಿ ಸಿಕ್ಕಿದರೆ ತಾನೂ ಗಿಲಕಿಯೂ ಥೂ ಎಂದು ಬೀದಿಗೆ ಓಡುತ್ತೇವೆ; ಇಲ್ಲಿ ಒಬ್ಬರೂ ಥೂ ಅನ್ನಲಿಲ್ಲ. "ಹಾಂ, ಇಲ್ಲಿದೀಯಾ" ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದ್ದು ಕೇಳಿಸಿತು. ಕಳೆದುಹೋಗಿದ್ದ ಮಗು ಸಿಕ್ಕಿದಾಗ ಆಡುವ ದನಿ ಅದು. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಸಣ್ಣಗೆ ಟಿಣ್ ಎಂದಿತು. ಯಾರೂ ಏನೂ ಹೇಳದಿದ್ದರೂ ಅದು ಏನೆಂದು ಅವನಿಗೆ ತಿಳಿಯಿತು. ತಿಂಗಳುಗಳಿಂದ ಅವನನ್ನು ಮಂಡಿಯೂರಿಸಿದ್ದು ಅಷ್ಟು ಸಣ್ಣ ಸದ್ದಿನದು. ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟ. ಅರಿವಳಿಕೆಯ ಡಾಕ್ಟರು ಹತ್ತಿಯಿಂದ ಅವನ ಕಣ್ಣು ಒರೆಸಿದರು, ಬೆವರು ಒರೆಸಿದಂತೆ.

ಮನೆಗೆ ಬಂದ ಮೇಲೆ ಡ್ರೆಸಿಂಗ್ ಯಾರು ಮಾಡುವುದು ಎನ್ನುವ ಪ್ರಶ್ನೆ ಎದ್ದಿತು. ಗಾಯದ ಬಾಯಿ ಮೊದಲೇ ಮುಚ್ಚಬಾರದು, ತಳದಿಂದ ತುಂಬಿಕೊಂಡು ಬರಬೇಕು. ಅದಕ್ಕೆ ದಿನಾ ಬೆಚ್ಚನೆಯ ನೀರಿನಲ್ಲಿ ಕೂರಿಸಿ, ತೊಳೆದು, ಹತ್ತಿಬಟ್ಟೆಯ ಪಟ್ಟಿಯನ್ನು ತಳ ಮುಟ್ಟುವಂತೆ ಮೆಲ್ಲಗೆ ತುಂಬಬೇಕು. ಹೆಂಡತಿ ತಾನು ಮಾಡುತ್ತೇನೆ ಎಂದಳು. ಅವನು ಒಪ್ಪಲಿಲ್ಲ. "ನನ್ನ ಹತ್ರ ನಾಚಿಕೆ ಆದ್ರೆ ನನ್ನ ತಮ್ಮನ ಹತ್ರ ಮಾಡಿಸ್ಕೊಳ್ಳಿ," ಎಂದಳು, "ಅವನಿಗೆ ನಾಚಿಕೆ ಅನ್ನೋದೇ ಹುಟ್ಟಿಲ್ಲ." ಗಿಲಕಿ ನರ್ಸಿನ ಹತ್ತಿರ ಕಲಿತು ಬಂದ. ಮೊದಲ ದಿನ ಅವನು ಹಿಂದೆ ಕೂತು ಕೈಗವಸು ಹಾಕಿಕೊಳ್ಳುವ ಸದ್ದು ಕೇಳುತ್ತ ಇವನು ಹಾಸಿಗೆಯ ಅಂಚನ್ನು ಕಚ್ಚಿಕೊಂಡು ಕಾದ. ತುಂಬೋ ಕೆಲಸ ತಾನೇ ಭಾವ, ನಾರಾದರೇನು ಬಟ್ಟೆಯಾದರೇನು ಎಂದು ಈಗ ಹೇಳುತ್ತಾನೆ, ಹೇಳದೆ ಅವನಿಗೆ ಅನ್ನ ಇಳಿಯುವುದಿಲ್ಲ. ಆ ಮಾತು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಕೈ ಮಾತ್ರ ನಿಧಾನವಾಗಿ, ಎಲ್ಲಿ ನೋಯುತ್ತದೋ ಅಲ್ಲಿ ನಿಂತು, ಇವನ ಉಸಿರು ಸಡಿಲಾದ ಮೇಲೆ ಮುಂದೆ ಹೋಗುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಕೆಲಸ ಮಾಡಿದವನ ಕೈ ಇಷ್ಟು ಹಗುರ ಎಂದು ಇವನಿಗೆ ಗೊತ್ತಿರಲಿಲ್ಲ. ಕೆಲಸದಲ್ಲಿ ಬರೀ ಅವಸರ ಎಂದು ದಿನಾ ಬೈದಿದ್ದ. ವಾರಗಟ್ಟಲೆ ಹಾಗೆ ನಡೆಯಿತು. ನಡುವೆ ಒಂದು ದಿನ ಡಾಕ್ಟರಮ್ಮ ದಾರವನ್ನೂ ತೆಗೆದರು. ಆ ಕೋಣೆಯಲ್ಲಿ ಆಡಿದ್ದನ್ನು ಗಿಲಕಿ ಬೀದಿಗೆ ಒಯ್ಯಲಿಲ್ಲ, ಒಯ್ಯಲು ಏನೂ ಆಡಲೂ ಇಲ್ಲ. ಅಂಥವನು ಬಾಯಿ ಕಟ್ಟಿಕೊಂಡು ಇರುವುದೆಂದರೆ ಇನ್ನೊಬ್ಬ ಊಟ ಬಿಟ್ಟಂತೆ ಎಂದು ತಿಳಿದಾಗ ಇವನಿಗೆ, ಅಯ್ಯೋ, ಏನಾದರೂ ಅನ್ನೋ ಪುಣ್ಯಾತ್ಮ ಎಂದು ಹೇಳಬೇಕೆನಿಸಿತ್ತು. ಉಪಕಾರ ಮಾಡಿದವರ ಹೆಸರನ್ನು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸ ಹೋದರೆ ಸಾಲು ಮುಗಿಯುವುದೇ ಇಲ್ಲ. ಆ ಸಾಲಿನ ಎದುರು ನಿಂತು, ಇಷ್ಟೆಲ್ಲ ಆದರೂ ಕಡೆಗೆ ಹಿಡಿತ ಉಳಿಯಲಿಲ್ಲ ಎಂದರೆ, ಅವರಿಗೆಲ್ಲ ಹೇಗೆ ಮುಖ ತೋರಿಸಲಿ ಎಂದು ಅವನಿಗೆ ದಿಗಿಲಾಗುತ್ತಿತ್ತು.

"ಬನ್ನಿ" ಎಂದಳು ನರ್ಸು. ಗಿಲಕಿ ಎದ್ದು ನಿಂತ, ಒಳಗೆ ಬರಲಿಲ್ಲ. ಮಂಚದ ಮೇಲೆ ಎಡಮಗ್ಗುಲಾಗಿ, ಮಂಡಿಯನ್ನು ಎದೆಗೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಅವನು ಮಲಗಿದ. ಕೇಳದೆಯೇ ನರ್ಸು ಪರದೆ ಎಳೆದಳು. ಗೋಡೆಯ ಹಸಿರು ಬಣ್ಣದಲ್ಲಿ ಬ್ರಶ್ಶಿನ ಒಂದು ಕೂದಲು ಅಂಟಿಕೊಂಡು ಒಣಗಿತ್ತು, ಅದನ್ನೇ ನೋಡಿದ.

"ಚೆನ್ನಾಗಿ ಕೂಡಿದೆ," ಎಂದರು ಡಾಕ್ಟರಮ್ಮ, "ಏನಾದ್ರೂ ತೊಂದ್ರೆ?"

"ಮೊನ್ನೆ ಸೀನಿದಾಗ ಒದ್ದೆ ಆಯ್ತು" ಎಂದ. ಈ ಸಲ ಇಂಥದ್ದೇ ಎಂದು ಹೆಸರಿಟ್ಟು ಕೇಳುವವರೆಗೆ ಕಾಯಲಿಲ್ಲ.

"ಬಣ್ಣ?"

"ನೀರಿನ ಥರ."

"ಗಾಯದ ಕೊನೇ ನೀರು ಇರ್ಬೇಕು. ಇರ್ಬೇಕು ಅಂತೀನಿ ಅಷ್ಟೆ. ನೋಡೋಣ. ತಣ್ಣಗಿರುತ್ತೆ ಈಗ." ಬೆರಳು ಒಳಗೆ ಬಂತು. ನೋವಾಗಲಿಲ್ಲ. "ಬಿಗಿ ಹಿಡೀರಿ."

ಅವನು ಹಿಡಿದ. ಅವರು ಏನೂ ಹೇಳಲಿಲ್ಲ. ಗೋಡೆಯ ಮೇಲಿನ ಕೂದಲು ದೊಡ್ಡದಾಗುತ್ತ ಬಂತು. ಆ ಮೌನದಲ್ಲಿ ಅವನು ತಣ್ಣಗಿನ ರೆಕ್ಸಿನ್ ಮೇಲೆ ಕೂತಾಗಿತ್ತು, ಮನೆಯವರು ಸೀಟಿನ ಕಡೆ ನೋಡಿಯೂ ಆಗಿತ್ತು.

"ತೊಡೆ ಬಿಗಿ ಮಾಡ್ತಿದೀರಿ ನೀವು. ತೊಡೆ ಅಲ್ಲ. ಹೆದರ್ಬೇಡಿ. ಬಸ್ಸಲ್ಲಿದೀರಿ, ಅವಸರ ಆಗಿದೆ, ಮನೆ ಇನ್ನೂ ದೂರ ಇದೆ. ಈಗ ಹಿಡೀರಿ."

ಎಲ್ಲಿದೆ ಎಂದು ಅವನು ಹುಡುಕಿದ. ಮೈಯೆಲ್ಲ ಸಡಿಲ ಬಿಟ್ಟು, ಉಸಿರು ಬಿಟ್ಟು, ಕಣ್ಣು ಮುಚ್ಚಿ ಒಳಗೆ ಇಳಿದು ಹುಡುಕಿದ. ಒಂದು ಕಡೆ, ಬಹಳ ಒಳಗೆ, ಏನೋ ನಿದ್ದೆಯಿಂದ ಎದ್ದಂತೆ ಅಲುಗಿತು. ಅದನ್ನು ಹಿಡಿದು ಎಳೆದ.

"ಹಾಂ," ಎಂದರು ಡಾಕ್ಟರಮ್ಮ. "ಇನ್ನೂ."

ಇನ್ನೂ ಎಳೆದ.

"ಇನ್ನೂ ಇದೆಯಾ?"

ಇತ್ತು. ಸುತ್ತಲೂ, ಎಲ್ಲೂ ಬಿಟ್ಟುಹೋಗದೆ, ಪೂರ್ತಿ ಇತ್ತು.

"ಸಾಕು ಸಾಕು," ಎಂದರು ಅವರು. ದನಿಯಲ್ಲಿ ನಗು ಇತ್ತು. "ಏನೂ ಆಗಿಲ್ಲ ನಿಮಗೆ, ಗಟ್ಟಿಯಾಗಿದೀರಿ. ಬಿಡಿ ಈಗ. ಹೊರಗೆ ಇನ್ನೂ ಜನ ಕಾಯ್ತಿದಾರೆ, ಈ ಬೆರಳು ನನಗೆ ಬೇಕು."

ಅವನ ಕಣ್ಣು ತುಂಬಿ ಹಸಿರು ಗೋಡೆ ಕಲಸಿಹೋಯಿತು. ಬಿಡಿ ಎಂದು ಅವರು ಇನ್ನೊಮ್ಮೆ ಹೇಳಿದರು. ಕೇಳಿಸಿತು. ಕೇಳಿಸಿಯೂ ಅವನು ಇನ್ನೊಂದು ಗಳಿಗೆ ಬಿಡದೆ ಹಿಡಿದೇ ಇದ್ದ.